ಕೈ ಕೆಸರಾದವರ ಕ್ರೀಡಾಂಗಣ

ದೊಡ್ಡ ಕ್ರೀಡಾಂಗಣದ ಕಥೆ ಯಾರು ಹೇಳಿದರೂ ಮೊದಲು ಬರುವುದು ದುಡ್ಡಿನ ಲೆಕ್ಕ. ಇಷ್ಟು ಕೋಟಿ ಖರ್ಚಾಯಿತು, ಇಂಥ ಕಂಪನಿ ತನ್ನ ಹೆಸರು ಹಾಕಿಸಿಕೊಂಡಿತು, ಇಂಥವರು ಸಾಲ ಕೊಟ್ಟರು ಎನ್ನುತ್ತಾರೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತಿದ್ದ ನನಗೆ ಅಂಥ ಕಥೆ ಕೇಳಿದರೆ ಬೇಸರವೇನೂ ಆಗುವುದಿಲ್ಲ. ಆದರೆ ಇವತ್ತು ನಾನು ಹೇಳುವ ಕ್ರೀಡಾಂಗಣದ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ 1,40,000. ಮಕ್ಕಳೇ, ಇದೇನು ರೂಪಾಯಿಯೋ ಯೂರೋವೋ ಎಂದು ಯೋಚಿಸಬೇಡಿ. ಇದು ಗಂಟೆಗಳ ಲೆಕ್ಕ. ಒಂದು ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ಒಂದು ಪೈಸೆ ಕೂಲಿ ಪಡೆಯದೆ, ತಮ್ಮ ಆಟದ ಮೈದಾನಕ್ಕಾಗಿ ಮಣ್ಣು ಹೊತ್ತು ಕಾಂಕ್ರೀಟು ಹಾಕಿ ದುಡಿದ ಗಂಟೆಗಳು.

ಆ ಕ್ಲಬ್ಬಿನ ಹೆಸರು ಯೂನಿಯನ್ ಬರ್ಲಿನ್. ಅಲ್ಲಿಯವರು ‘ಉನಿಯೋನ್’ ಅನ್ನುತ್ತಾರೆ. ಜರ್ಮನಿಯ ರಾಜಧಾನಿ ಬರ್ಲಿನ್ನಿನ ಆಗ್ನೇಯ ಮೂಲೆಯಲ್ಲಿ ಕ್ಯೋಪೆನಿಕ್ ಎಂಬ ಹಳೆಯ ಊರಿದೆ, ಈಗ ನಗರದೊಳಗೇ ಸೇರಿಹೋಗಿದೆ. ನನ್ನ ಮಗಳು-ಅಳಿಯ ಕೆಲಸದ ಮೇಲೆ ಬರ್ಲಿನ್ನಿಗೆ ಹೋಗಿ ನೆಲೆಸಿದ್ದರಿಂದ ನಾನೂ ನನ್ನ ಮನೆಯವರೂ ಅಲ್ಲಿ ಒಂದು ಬೇಸಿಗೆ ಕಳೆಯುವಂತಾಯಿತು. ಮೊಮ್ಮಗ ಶಾಲೆಯಲ್ಲಿ ಸ್ನೇಹಿತರಿಂದ ಯೂನಿಯನ್ ಹುಚ್ಚು ಹತ್ತಿಸಿಕೊಂಡಿದ್ದ. ಕೆಂಪು-ಬಿಳಿ ಶಾಲು ಅವನ ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಂದ್ಯವಿಲ್ಲದ ದಿನ ನೋಡಿ, “ಬಾ ಅಜ್ಜ, ನಮ್ಮ ಮನೆ ತೋರಿಸ್ತೀನಿ” ಎಂದು ಕರೆದುಕೊಂಡು ಹೋದ. ಮನೆ ಅಂದರೆ ಅವನ ಮಾತಿನಲ್ಲಿ ಕ್ರೀಡಾಂಗಣ. ಅಲ್ಲಿಂದ ಬಂದ ಮೇಲೆ ಅದರ ಚರಿತ್ರೆಯನ್ನು ಹುಡುಕಿ ಓದಿದೆ. ನಿವೃತ್ತನಿಗೆ ಸಮಯಕ್ಕೇನು ಬರ?

ಕ್ಯೋಪೆನಿಕ್ ನಿಲ್ದಾಣದಲ್ಲಿ ನಗರ ರೈಲಿನಿಂದ ಇಳಿದರೆ ನಡೆದೇ ಹೋಗಬಹುದು. ಹಾದಿಯ ಕೊನೆಯ ಭಾಗ ಮರಗಳ ನಡುವೆ ಸಾಗುತ್ತದೆ. ಇಷ್ಟು ದೊಡ್ಡ ಕ್ರೀಡಾಂಗಣ ಕಾಡಿನ ಅಂಚಿನಲ್ಲಿ ಯಾಕಿದೆ ಅನ್ನುವುದಕ್ಕೆ ಅದರ ಹೆಸರೇ ಉತ್ತರ: ‘ಆನ್ ಡೇರ್ ಆಲ್ಟೆನ್ ಫ್ಯೋರ್ಸ್ಟರೈ’. ಕನ್ನಡದಲ್ಲಿ ಹೇಳುವುದಾದರೆ ‘ಹಳೇ ಅರಣ್ಯಾಧಿಕಾರಿ ಮನೆ ಪಕ್ಕದ್ದು’. ಪಕ್ಕದಲ್ಲಿ ಅರಣ್ಯ ಇಲಾಖೆಯ ಹಳೆಯ ಮನೆಯಿದೆ, ಅದೇ ಹೆಸರು ನಿಂತುಬಿಟ್ಟಿದೆ. ನಮ್ಮೂರುಗಳಲ್ಲಿ ‘ಸಂತೆ ಮೈದಾನದ ಹತ್ತಿರ’, ‘ಹಳೇ ಬಸ್ ಸ್ಟ್ಯಾಂಡ್ ಎದುರು’ ಅನ್ನುತ್ತೇವಲ್ಲ, ಹಾಗೆ. ಯಾವ ಕಂಪನಿಯ ಹೆಸರನ್ನೂ ಅದರ ಮುಂದೆ ಅಂಟಿಸಲು ಅವರು ಒಪ್ಪಿಲ್ಲ.

ಆ ಮೈದಾನ ಶುರುವಾದದ್ದು 1920ರಲ್ಲಿ. ಮೊದಲ ದೊಡ್ಡ ಪಂದ್ಯಕ್ಕೆ ಆ ವರ್ಷದ ಜರ್ಮನ್ ಚಾಂಪಿಯನ್ ನ್ಯೂರೆಂಬರ್ಗ್ ತಂಡವನ್ನೇ ಕರೆಸಿದ್ದರು. ಮನೆಯವರು 1-2ರಿಂದ ಸೋತರು. ಹತ್ತಿರದ ಓಬರ್‌ಶ್ಯೋನೆವೈಡೆಯಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳಿದ್ದವು. ಲೋಹದ ಕೆಲಸ ಮಾಡುವ ಕೂಲಿಕಾರರೇ ತಂಡದ ಬೆನ್ನೆಲುಬು. ಹಾಗಾಗಿ ತಂಡಕ್ಕೆ ‘ಕಬ್ಬಿಣದವರು’ ಎಂಬ ಅಡ್ಡಹೆಸರು ಬಂತು. ಇವತ್ತಿಗೂ ಅಭಿಮಾನಿಗಳು ಒಬ್ಬರಿಗೊಬ್ಬರು ಎದುರಾದರೆ ನಮಸ್ಕಾರದ ಬದಲು ‘ಐಸರ್ನ್’ ಅನ್ನುತ್ತಾರೆ. ಕಬ್ಬಿಣದಂಥ ಅಂತ ಅದರ ಅರ್ಥ. ಮೊಮ್ಮಗ ನನಗೂ ಅದನ್ನು ಹೇಳಿಕೊಟ್ಟ. ನನ್ನ ಮಂಡಿ ನೋಡಿದವರು ಯಾರೂ ಆ ಮಾತನ್ನು ನಂಬುವುದಿಲ್ಲ ಎಂದೆ.

ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಎರಡು ಹೋಳಾಯಿತು. ಬರ್ಲಿನ್ ನಗರವೂ ಎರಡಾಗಿ, 1961ರಲ್ಲಿ ನಡುವೆ ಗೋಡೆ ಎದ್ದಿತು. ಕ್ಯೋಪೆನಿಕ್ ಪೂರ್ವ ಭಾಗದಲ್ಲಿ ಉಳಿಯಿತು. ಈಗಿನ ಹೆಸರಿನ ಯೂನಿಯನ್ ಕ್ಲಬ್ ಹುಟ್ಟಿದ್ದು 1966ರ ಜನವರಿಯಲ್ಲಿ, ಆ ಗೋಡೆಯ ಕಾಲದಲ್ಲಿ. ಎರಡೇ ವರ್ಷಕ್ಕೆ, 1968ರಲ್ಲಿ, ಪೂರ್ವ ಜರ್ಮನಿಯ ಕಪ್ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ಅಷ್ಟೇ, ಆಮೇಲೆ ಹೇಳಿಕೊಳ್ಳುವಂಥ ಗೆಲುವು ಬಹಳ ಕಾಲ ಇಲ್ಲ. ಅದೇ ನಗರದಲ್ಲಿ ಡೈನಮೋ ಎಂಬ ಇನ್ನೊಂದು ತಂಡವಿತ್ತು. ಅದರ ಬೆನ್ನಿಗೆ ದೇಶದ ಗುಪ್ತ ಪೊಲೀಸ್ ಮುಖ್ಯಸ್ಥ ಎರಿಶ್ ಮೀಲ್ಕೆ ನಿಂತಿದ್ದ. 1979ರಿಂದ 1988ರವರೆಗೆ ಸತತ ಹತ್ತು ಸಲ ಆ ತಂಡವೇ ಲೀಗ್ ಗೆದ್ದಿತು. ಯೂನಿಯನ್ ಒಮ್ಮೆ ಮೇಲಿನ ದರ್ಜೆಗೆ ಏರುವುದು, ಮತ್ತೊಮ್ಮೆ ಕೆಳಗೆ ಇಳಿಯುವುದು, ಹೀಗೆ ದಿನ ದೂಡುತ್ತಿತ್ತು. ಆದರೂ ಕಾಡಿನ ಅಂಚಿನ ಈ ಮೈದಾನಕ್ಕೆ ಜನ ಬರುವುದು ನಿಲ್ಲಲಿಲ್ಲ.

ಇಲ್ಲೊಂದು ತಮಾಷೆಯ ಕಥೆಯನ್ನು ಅವರು ಹೇಳಿಕೊಳ್ಳುತ್ತಾರೆ. ಫುಟ್‌ಬಾಲಿನಲ್ಲಿ ಫ್ರೀ ಕಿಕ್ ಸಿಕ್ಕಾಗ ಎದುರಾಳಿ ಆಟಗಾರರು ಸಾಲಾಗಿ ನಿಂತು ಚೆಂಡಿಗೆ ಅಡ್ಡ ಗೋಡೆ ಕಟ್ಟುತ್ತಾರೆ. ಆಗ ಯೂನಿಯನ್ ಅಭಿಮಾನಿಗಳೆಲ್ಲ ಸೇರಿ “ಗೋಡೆ ತೊಲಗಲಿ!” ಎಂದು ಕೂಗುತ್ತಿದ್ದರಂತೆ. ಅವರು ಯಾವ ಗೋಡೆಯ ಬಗ್ಗೆ ಕೂಗುತ್ತಿದ್ದಾರೆ ಎಂದು ಪೊಲೀಸರು ಕೇಳಿದರೆ, ‘ಇಗೋ, ಈ ಐದು ಜನ ಆಟಗಾರರು’ ಎನ್ನಬಹುದಲ್ಲ!

1989ರ ನವೆಂಬರ್ 9ರಂದು ನಿಜವಾದ ಗೋಡೆಯೇ ಬಿದ್ದುಹೋಯಿತು. ಎರಡೂವರೆ ತಿಂಗಳಲ್ಲಿ, 1990ರ ಜನವರಿ 27ರಂದು, ಪಶ್ಚಿಮ ಬರ್ಲಿನ್ನಿನ ಹೆರ್ಟಾ ತಂಡವೂ ಯೂನಿಯನ್ನೂ ಒಲಿಂಪಿಕ್ ಕ್ರೀಡಾಂಗಣದಲ್ಲಿ ಸ್ನೇಹಪಂದ್ಯ ಆಡಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅವತ್ತು ಯಾರು ಗೆದ್ದರೆಂಬುದು ಯಾರಿಗೂ ಮುಖ್ಯವಾಗಿರಲಿಲ್ಲ. ಆದರೂ ಲೆಕ್ಕದವನಾದ್ದರಿಂದ ಹೇಳಿಬಿಡುತ್ತೇನೆ, ಹೆರ್ಟಾ 2, ಯೂನಿಯನ್ 1.

ದೇಶ ಒಂದಾದದ್ದೇನೋ ಸರಿ, ಆದರೆ ಯೂನಿಯನ್ನಿನ ಕೈ ಬರಿದಾಯಿತು. ಪಶ್ಚಿಮದ ಶ್ರೀಮಂತ ಕ್ಲಬ್ಬುಗಳ ನಡುವೆ ಪೂರ್ವದ ಬಡ ಕ್ಲಬ್ಬು ನಿಲ್ಲುವುದು ಸುಲಭವಲ್ಲ. ಜರ್ಮನಿಯಲ್ಲಿ ಪ್ರತಿ ಕ್ಲಬ್ಬೂ ಮುಂದಿನ ಋತುವಿನಲ್ಲಿ ಆಡುವ ಮೊದಲು ತನ್ನ ಹತ್ತಿರ ಸಾಕಷ್ಟು ಹಣವಿದೆಯೆಂದು ಫುಟ್‌ಬಾಲ್ ಸಂಸ್ಥೆಗೆ ತೋರಿಸಬೇಕು. ತೋರಿಸದಿದ್ದರೆ ಲೈಸೆನ್ಸ್ ಇಲ್ಲ. 2004ರಲ್ಲಿ ಯೂನಿಯನ್ ಹೀಗೆ ಸುಮಾರು 15 ಲಕ್ಷ ಯೂರೋ ತೋರಿಸಬೇಕಾಗಿ ಬಂತು. ಕ್ಲಬ್ಬಿನ ಹತ್ತಿರ ಅಷ್ಟಿರಲಿಲ್ಲ.

ಆಗ ಅಭಿಮಾನಿಗಳು ಮಾಡಿದ್ದನ್ನು ಕೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಬರ್ಲಿನ್ನಿನಲ್ಲಿ ರಕ್ತ ಕೊಟ್ಟವರಿಗೆ ಒಂದು ಸಣ್ಣ ಮೊತ್ತ ಸಿಗುತ್ತದೆ. ‘ಯೂನಿಯನ್‌ಗಾಗಿ ರಕ್ತ’ ಎಂದು ಹೆಸರಿಟ್ಟು ಅಭಿಮಾನಿಗಳು ಸಾಲುಗಟ್ಟಿ ರಕ್ತ ಕೊಟ್ಟರು, ಬಂದ ಹಣವನ್ನು ಕ್ಲಬ್ಬಿಗೆ ಹಾಕಿದರು. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ನಮ್ಮ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಬೇರೆ ಕಂಡಿಲ್ಲ. ರಕ್ತದ ಹಣವೊಂದರಿಂದಲೇ ಅಷ್ಟು ದೊಡ್ಡ ಮೊತ್ತ ಕೂಡಲಿಲ್ಲ. ಅದರ ಜೊತೆಗೆ ದೇಣಿಗೆ, ಚಂದಾ, ಅಂಗಿ ಮಾರಾಟ ಎಲ್ಲ ಸೇರಿತು. ಕ್ಲಬ್ಬು ಉಳಿಯಿತು.

ಕ್ಲಬ್ಬು ಉಳಿದರೂ ಮೈದಾನ ಉಳಿಯುವಂತಿರಲಿಲ್ಲ. ಅಲ್ಲಿ ಜನ ನಿಂತು ಆಟ ನೋಡುವ ಮೆಟ್ಟಿಲುಗಳು ಶಿಥಿಲವಾಗಿದ್ದವು. ತಲೆಯ ಮೇಲೆ ಸೂರಿರಲಿಲ್ಲ. ಇಂಥ ಜಾಗದಲ್ಲಿ ವೃತ್ತಿಪರ ಪಂದ್ಯ ನಡೆಸಲು ಫುಟ್‌ಬಾಲ್ ಸಂಸ್ಥೆ ಇನ್ನೆಷ್ಟು ದಿನ ವಿನಾಯಿತಿ ಕೊಟ್ಟೀತು? ಈಗ ಎರಡೇ ದಾರಿ. ಹಳೆಯ ಮನೆ ಬಿಟ್ಟು ಬೇರೆ ಯಾರದೋ ಮೈದಾನದಲ್ಲಿ ಬಾಡಿಗೆಗೆ ಆಡಬೇಕು, ಇಲ್ಲವೇ ಇದನ್ನೇ ಹೊಸದಾಗಿ ಕಟ್ಟಬೇಕು. ಕಟ್ಟುವಷ್ಟು ಹಣ ಕ್ಲಬ್ಬಿನಲ್ಲಿರಲಿಲ್ಲ. 2004ರಿಂದ ಅಧ್ಯಕ್ಷರಾಗಿರುವ ಡಿರ್ಕ್ ತ್ಸಿಂಗ್ಲರ್ ಚಿಕ್ಕಂದಿನಿಂದ ಇದೇ ಕ್ಲಬ್ಬಿನ ಅಭಿಮಾನಿ. ಅವರ ಕಾಲದಲ್ಲಿ ಕ್ಲಬ್ಬು ಅಭಿಮಾನಿಗಳ ಮುಂದೆ ನೇರವಾಗಿ ಪ್ರಶ್ನೆ ಇಟ್ಟಿತು: ಕೈಯಲ್ಲಿ ಕೆಲಸ ಗೊತ್ತಿದ್ದವರು, ಗೊತ್ತಿಲ್ಲದಿದ್ದರೂ ಮೈ ಬಗ್ಗಿಸಬಲ್ಲವರು ಬರುತ್ತೀರಾ?

2008ರ ಜೂನ್‌ನಲ್ಲಿ ಕೆಲಸ ಶುರುವಾಯಿತು. ಗಾರೆಯವರು, ವೆಲ್ಡಿಂಗ್ ಮಾಡುವವರು, ಎಲೆಕ್ಟ್ರಿಷಿಯನ್ನರು ಬಂದರು. ಅವರ ಜೊತೆಗೆ ಒಂದು ದಿನವೂ ಸಲಿಕೆ ಹಿಡಿಯದ ಕಚೇರಿ ನೌಕರರೂ ಬಂದರು. ಕೆಲವರು ವರ್ಷದ ರಜೆಯನ್ನೆಲ್ಲ ಇಲ್ಲಿಗೇ ಮುಡಿಪಿಟ್ಟರು. ಕೆಲಸ ಕಳೆದುಕೊಂಡು ಮನೆಯಲ್ಲಿದ್ದವರು ಬಂದರು, ನನ್ನಂಥ ನಿವೃತ್ತರೂ ಬಂದರು. ಪರಿಣತ ಕಂಪನಿಗಳೇ ಬೇಕಾದ ಕಡೆ ಅವರನ್ನು ಕರೆಸಿದರು, ಉಳಿದದ್ದಕ್ಕೆ ಅಭಿಮಾನಿಗಳೇ ಹೆಗಲು ಕೊಟ್ಟರು. ಹಳೆಯ ಮೆಟ್ಟಿಲು ಒಡೆದು, ಹೊಸ ಮೆಟ್ಟಿಲು ಕೂರಿಸಿ, ಮೂರು ಬದಿಗೂ ಸೂರು ಹಾಕುವಷ್ಟರಲ್ಲಿ ವರ್ಷ ಕಳೆಯಿತು. ಒಟ್ಟು 2,300ಕ್ಕೂ ಹೆಚ್ಚು ಜನ, ಸುಮಾರು 1,40,000 ಗಂಟೆ.

ಈ ಅಂಕಿಯನ್ನು ಓದಿದಾಗ ನನ್ನ ಕೈ ತಾನಾಗಿಯೇ ಪೆನ್ಸಿಲ್ ಹುಡುಕಿತು. ಮಕ್ಕಳೇ, ನೀವೂ ಮಾಡಿ ನೋಡಿ. ದಿನಕ್ಕೆ ಎಂಟು ಗಂಟೆ ಕೆಲಸ ಅಂದುಕೊಂಡರೆ 17,500 ದಿನಗಳಾಯಿತು. ಒಬ್ಬನೇ ಮನುಷ್ಯ ವರ್ಷಕ್ಕೆ 300 ದಿನ ದುಡಿದರೆ ಮುಗಿಸಲು 58 ವರ್ಷ ಬೇಕು. ಇಪ್ಪತ್ತನೆಯ ವಯಸ್ಸಿಗೆ ಸಲಿಕೆ ಹಿಡಿದವನು ಎಪ್ಪತ್ತೆಂಟಕ್ಕೆ ಕೆಳಗಿಡುತ್ತಾನೆ. ಅದನ್ನೇ 2,300 ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಸುಮಾರು 60 ಗಂಟೆ, ಅಂದರೆ ಏಳೆಂಟು ದಿನ. ಒಬ್ಬನ ಇಡೀ ಆಯುಸ್ಸನ್ನು ತಿನ್ನುವ ಕೆಲಸ, ಹಂಚಿಕೊಂಡಾಗ ಒಂದು ವಾರದ ರಜೆಯಷ್ಟಾಗಿಬಿಡುತ್ತದೆ. ಭಾಗಾಕಾರ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಮನೆ ಕಟ್ಟುವಾಗ ಮನೆಯವರು ಎಲ್ಲಿರಬೇಕು? ಆ ಒಂದು ಋತು ಯೂನಿಯನ್ ತಂಡ ನಗರದ ಇನ್ನೊಂದು ಮೈದಾನದಲ್ಲಿ ಆಡಿತು. ವಿಧಿಯಾಟ ನೋಡಿ, ಅದು ಹಿಂದೆ ಗುಪ್ತ ಪೊಲೀಸರ ಪ್ರೀತಿಯ ಡೈನಮೋ ತಂಡ ಆಡುತ್ತಿದ್ದ ಮೈದಾನ! ಹಗಲು ಇಲ್ಲಿ ಮಣ್ಣು ಹೊರುವುದು, ಪಂದ್ಯದ ದಿನ ಅಲ್ಲಿ ಹೋಗಿ ಗಂಟಲು ಹರಿಯುವಂತೆ ಕೂಗುವುದು. ಆ ಬಾಡಿಗೆ ಮನೆಯಲ್ಲಿದ್ದುಕೊಂಡೇ ತಂಡ ಮೂರನೆಯ ದರ್ಜೆಯ ಲೀಗ್ ಗೆದ್ದು ಎರಡನೆಯ ದರ್ಜೆಗೆ ಏರಿತು.

ಇಷ್ಟೆಲ್ಲ ಕೇಳಿದ ಮೇಲೆ ನನಗೊಂದು ಅನುಮಾನ ಬಂತು. ಬ್ಯಾಂಕಿನಲ್ಲಿದ್ದಾಗ ನಾನು ನೌಕರರ ಸಂಘದ ಸದಸ್ಯನಾಗಿದ್ದವನು. ದುಡಿದವನಿಗೆ ಕೂಲಿ ಸಿಗಲೇಬೇಕು ಎಂದು ನಂಬಿದವನು. ಆಟಗಾರರಿಗೆ ಸಂಬಳವಿದೆ, ಟಿಕೆಟಿಗೆ ಬೆಲೆಯಿದೆ, ಹಾಗಿರುವಾಗ ಕಾಂಕ್ರೀಟು ಹಾಕಿದವನಿಗೆ ಮಾತ್ರ ಯಾಕೆ ಬಿಟ್ಟಿ? ಅಭಿಮಾನದ ಹೆಸರಿನಲ್ಲಿ ಬಡವರ ಬೆವರನ್ನು ಪುಕ್ಕಟೆ ಪಡೆದಂತಾಗಲಿಲ್ಲವೇ? ಮೊಮ್ಮಗನಿಗೆ ಹೀಗೆಂದರೆ, ಅವನು ನನ್ನನ್ನು ವಿಚಿತ್ರವಾಗಿ ನೋಡಿ, “ಅಜ್ಜ, ಅವರವರ ಮನೆ ಅವರು ಕಟ್ಟಿಕೊಂಡರು ಅಷ್ಟೇ” ಎಂದ.

ಅವನ ಉತ್ತರ ಚಿಕ್ಕದು. ಆದರೆ ನಾನು ಓದಿದ ಶಾಲೆ ನೆನಪಾಯಿತು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಹಳ್ಳಿಯ ಶಾಲೆಗೆ ಎರಡು ಕೋಣೆ ಬೇಕಾಗಿತ್ತು. ಊರವರು ಶ್ರಮದಾನ ಮಾಡಿದರು. ಅಪ್ಪ ಗಾಡಿಯಲ್ಲಿ ಕಲ್ಲು ತಂದರು, ಅಮ್ಮ ನೀರು ಹೊತ್ತರು. ಮಕ್ಕಳಾದ ನಾವು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದೆವು. ಆ ಗೋಡೆಯ ಮೇಲೆ ಯಾವನಾದರೂ ಹುಡುಗ ಇದ್ದಿಲಿನಲ್ಲಿ ಗೀಚಿದರೆ ಮೇಷ್ಟ್ರು ಬೈಯಬೇಕಾಗಿರಲಿಲ್ಲ, ನಾವೇ ಅವನ ಕಿವಿ ಹಿಂಡುತ್ತಿದ್ದೆವು. ಕೂಲಿ ಕೊಡದೆ ದುಡಿಸಿಕೊಳ್ಳುವುದು ಬೇರೆ, ನಮ್ಮದೆಂದು ದುಡಿಯುವುದು ಬೇರೆ. ಆದರೆ ಕಟ್ಟಿದ ಮೇಲೂ ಅದು ನಿಜವಾಗಿ ಕಟ್ಟಿದವರದ್ದಾಗಿ ಉಳಿಯಬೇಕು. ಉಳಿಯದಿದ್ದರೆ ನನ್ನ ಅನುಮಾನವೇ ಸರಿ. ಯೂನಿಯನ್‌ನವರು ಈ ಪರೀಕ್ಷೆಯಲ್ಲಿ ಪಾಸಾದರೇ? ಮುಂದಿನದನ್ನು ಓದಿ ನೀವೇ ಹೇಳಿ.

2009ರ ಜುಲೈ 8ರಂದು ಹೊಸ ಕ್ರೀಡಾಂಗಣ ತೆರೆಯಿತು. ಎದುರಾಳಿ ಅದೇ ಹಳೆಯ ಸ್ನೇಹಿತ ಹೆರ್ಟಾ. ಯೂನಿಯನ್ 3-5ರಿಂದ ಸೋತಿತು. ಈ ಮನೆಯಲ್ಲಿ ಗೃಹಪ್ರವೇಶದ ದಿನ ಸೋಲುವುದು ಸಂಪ್ರದಾಯವೇ ಇರಬೇಕು! ಹೊರಗಡೆ ಒಂದು ಸ್ಮಾರಕವಿದೆ. ಬೇರೆ ಕಡೆಯಾದರೆ ಯಾರಾದರೂ ಮಂತ್ರಿಯ, ದೊಡ್ಡ ಆಟಗಾರನ ಪ್ರತಿಮೆ ಇರುತ್ತಿತ್ತು. ಇಲ್ಲಿರುವುದು ಕಟ್ಟಡ ಕೆಲಸಗಾರರು ತಲೆಗೆ ಹಾಕಿಕೊಳ್ಳುವ ಹೆಲ್ಮೆಟ್ಟು, ದೊಡ್ಡದಾದ ಕೆಂಪು ಹೆಲ್ಮೆಟ್ಟು. ಅದರ ಕೆಳಗೆ ದುಡಿದವರ ಹೆಸರುಗಳು ಸಾಲುಸಾಲಾಗಿ ಇವೆ. ನಾನು ಕನ್ನಡಕ ಏರಿಸಿ ಬಹಳ ಹೊತ್ತು ಓದಿದೆ. ಒಬ್ಬರ ಪರಿಚಯವೂ ಇಲ್ಲ, ಉಚ್ಚಾರಣೆಯೂ ನೆಟ್ಟಗೆ ಬರುವುದಿಲ್ಲ. ಆದರೂ ಯಾವುದೋ ಹಳೆಯ ಲೆಡ್ಜರಿನ ಪುಟ ತಿರುವಿದಂತೆ ಕಣ್ಣು ಒಂದೊಂದು ಸಾಲನ್ನೂ ನೋಡಿಕೊಂಡು ಇಳಿಯಿತು.

ಲೆಡ್ಜರ್ ಅಂದಾಗ ಒಂದು ಮಾತು. ಬಿ.ಕಾಂ. ಓದುವಾಗ ನಮಗೆ ‘ಗುಡ್‌ವಿಲ್’ ಎಂಬ ಪಾಠವಿತ್ತು. ಒಂದು ಅಂಗಡಿಯ ಮೇಲೆ ಜನರಿಗಿರುವ ವಿಶ್ವಾಸಕ್ಕೂ ಬೆಲೆಯಿದೆ ಅನ್ನುವುದು ಅದರ ಸಾರ. ಆದರೆ ಅಂಗಡಿಯವನು ತಾನೇ ಗಳಿಸಿದ ವಿಶ್ವಾಸಕ್ಕೆ ತಾನೇ ಒಂದು ಬೆಲೆ ಕಟ್ಟಿ ಆಸ್ತಿಯ ಪಟ್ಟಿಯಲ್ಲಿ ಬರೆಯುವಂತಿಲ್ಲ. ಯೂನಿಯನ್ನಿನ ಲೆಕ್ಕಪುಸ್ತಕದಲ್ಲೂ ಅಷ್ಟೇ, ಕಾಂಕ್ರೀಟಿನ ಬೆಲೆ ಬರೆಯಬಹುದು, ಅದನ್ನು ಕಲಸಿದವರ ಪ್ರೀತಿಯನ್ನು ಬರೆಯಲು ಅಂಕಣವಿಲ್ಲ. ಅದಕ್ಕೇ ಅವರು ಅದನ್ನು ಹೆಲ್ಮೆಟ್ಟಿನ ಕೆಳಗೆ ಬರೆದಿದ್ದಾರೆ.

ಆಮೇಲೆ 2011ರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಮುಖ್ಯ ಸ್ಟ್ಯಾಂಡ್ ಒಂದನ್ನು ಕಟ್ಟುವುದು ಬಾಕಿಯಿತ್ತು, ಹಣ ಬೇಕಿತ್ತು. ಕ್ರೀಡಾಂಗಣದ ಷೇರುಗಳನ್ನು ತಲಾ 500 ಯೂರೋಗಳಂತೆ ಮಾರಾಟಕ್ಕಿಟ್ಟರು. ಷರತ್ತು ಏನೆಂದರೆ ಕ್ಲಬ್ಬಿನ ಸದಸ್ಯರಾಗಿರಬೇಕು, ಒಬ್ಬರಿಗೆ ಹತ್ತಕ್ಕಿಂತ ಹೆಚ್ಚು ಇಲ್ಲ. ‘ನಮ್ಮ ಆತ್ಮವನ್ನು ಮಾರುತ್ತೇವೆ, ಆದರೆ ಕಂಡಕಂಡವರಿಗಲ್ಲ’ ಎಂಬುದು ಅವರ ಜಾಹೀರಾತಿನ ಅರ್ಥ. 4,141 ಜನ ಸೇರಿ 5,473 ಷೇರು ಕೊಂಡರು. ಗುಣಿಸಿ ನೋಡಿ, 27 ಲಕ್ಷ ಯೂರೋ ದಾಟುತ್ತದೆ. ಹಣ ಹಾಕಿದವರಲ್ಲಿ ಲಾಭ ಬರಲೆಂದು ಹಾಕಿದವರು ಇದ್ದಿರಲಾರರು. ನನ್ನ ಅನುಮಾನಕ್ಕೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಕಟ್ಟಿದವರ ಕೈಗೆ ಕಾಗದದ ಹಕ್ಕೂ ಬಂತು. ಅರ್ಧ ಎಂದೆ, ಯಾಕೆಂದರೆ 500 ಯೂರೋ ಎಲ್ಲರ ಕೈಯಲ್ಲೂ ಇರುವುದಿಲ್ಲ.

2013ರಲ್ಲಿ ಮುಖ್ಯ ಸ್ಟ್ಯಾಂಡ್ ತೆರೆಯಿತು. ಹೊರಗಿನಿಂದ ಅದು ಕೆಂಪು ಇಟ್ಟಿಗೆಯ ಹಳೇ ಕಾರ್ಖಾನೆಯಂತೆ ಕಾಣುತ್ತದೆ, ತಂಡ ಹುಟ್ಟಿದ ಊರಿನ ಕಾರ್ಖಾನೆಗಳ ನೆನಪಿಗೆ. ಈಗ ಒಟ್ಟು 22,012 ಜನ ಹಿಡಿಯುತ್ತಾರೆ. ಇದರಲ್ಲಿ ಕುರ್ಚಿಗಳು 3,617 ಮಾತ್ರ. ಉಳಿದ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಆಟ ಮುಗಿಯುವವರೆಗೂ ನಿಂತೇ ಇರುತ್ತಾರೆ. ಜರ್ಮನಿಯ ದೊಡ್ಡ ಲೀಗಿನ ಮೈದಾನಗಳಲ್ಲಿ ಇಷ್ಟು ಪಾಲು ಜನ ನಿಂತು ನೋಡುವುದು ಬಹಳ ಅಪರೂಪ. “ನಿಂತರೆ ಪಕ್ಕದವರ ಹೆಗಲ ಮೇಲೆ ಕೈ ಹಾಕಬಹುದು ಅಜ್ಜ” ಎಂದ ಮೊಮ್ಮಗ. ಕೈಯಿಂದ ಅಂಕಿಯ ಹಲಗೆ ಬದಲಿಸುವ ಹಳೆಯ ಸ್ಕೋರ್ ಬೋರ್ಡನ್ನೂ ಅವರು ಬಿಸಾಡಿಲ್ಲ. ಗೋಲು ಬಿದ್ದಾಗ ಒಬ್ಬರು ಹೋಗಿ ಹಲಗೆ ಬದಲಿಸುತ್ತಾರೆ.

ಇದನ್ನು ಮನೆ ಎಂದು ಅವರು ಬರೀ ಬಾಯಿಮಾತಿಗೆ ಅನ್ನುವುದಿಲ್ಲ. 2003ರ ಕ್ರಿಸ್‌ಮಸ್ ಹೊತ್ತಿಗೆ ತಂಡ ಸೋತು ಸುಣ್ಣವಾಗಿತ್ತು. ಡಿಸೆಂಬರ್ 23ರ ರಾತ್ರಿ 89 ಅಭಿಮಾನಿಗಳು ಮೈದಾನದೊಳಗೆ ಸದ್ದಿಲ್ಲದೆ ನುಸುಳಿ, ಕೈಯಲ್ಲಿ ಮೇಣದಬತ್ತಿ ಹಿಡಿದು ಕ್ರಿಸ್‌ಮಸ್ ಹಾಡು ಹಾಡಿದರು. ಮರುವರ್ಷ ಇನ್ನಷ್ಟು ಜನ, ಅದರ ಮರುವರ್ಷ ಮತ್ತಷ್ಟು. ಈಗ 28,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಹುಲ್ಲಿನ ಮೇಲೂ ನಿಲ್ಲುತ್ತಾರಾದ್ದರಿಂದ ಪಂದ್ಯಕ್ಕಿಂತ ಹೆಚ್ಚು ಜನ ಹಿಡಿಸುತ್ತದೆ. ಅಜ್ಜಿಯರೂ ಮೊಮ್ಮಕ್ಕಳೂ ಕೈ ಹಿಡಿದು ಬರುತ್ತಾರಂತೆ. 2014ರ ವಿಶ್ವಕಪ್ ಸಮಯದಲ್ಲಂತೂ ಇನ್ನೂ ಮೋಜು. ‘ಪಂದ್ಯಗಳನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತೇವೆ, ನಿಮ್ಮ ನಿಮ್ಮ ಸೋಫಾ ತನ್ನಿ’ ಎಂದು ಕ್ಲಬ್ಬು ಕರೆ ಕೊಟ್ಟಿತು. ಏಳುನೂರಕ್ಕೂ ಹೆಚ್ಚು ಸೋಫಾಗಳು ಮೈದಾನಕ್ಕೆ ಬಂದು ಕೂತವು! ಒಂದು ತಿಂಗಳು ಅಲ್ಲೇ ಇದ್ದವು. ಆ ಸಲ ಜರ್ಮನಿ ಕಪ್ ಗೆದ್ದಿತು. ನಮ್ಮ ಮನೆಯ ದಿವಾನವನ್ನು ಹೊರಗೆ ಒಯ್ಯುತ್ತೇನೆಂದರೆ ನನ್ನ ಮನೆಯವರು ಏನನ್ನುತ್ತಿದ್ದರು ಎಂದು ಊಹಿಸಿಕೊಂಡು ನಕ್ಕೆ.

ಈಗ ಹೇಳುವುದು ಮಕ್ಕಳಿಗಿಂತ ಹೆಚ್ಚಾಗಿ ನನ್ನ ವಯಸ್ಸಿನವರಿಗೆ. 2019ರ ಮೇ 27ರಂದು ಯೂನಿಯನ್ ಮೊದಲ ಸಲ ಬುಂಡೆಸ್‌ಲಿಗಾ ಎಂಬ ಜರ್ಮನಿಯ ಅತಿ ಎತ್ತರದ ದರ್ಜೆಗೆ ಏರಿತು. ಆಗಸ್ಟ್ 18ರಂದು ತನ್ನದೇ ಮನೆಯಲ್ಲಿ ಮೊದಲ ಪಂದ್ಯ. ಅವತ್ತು ನೂರಾರು ಅಭಿಮಾನಿಗಳು ಒಂದೊಂದು ದೊಡ್ಡ ಫೋಟೋ ಹಿಡಿದು ಬಂದಿದ್ದರು. ಅಪ್ಪನದು, ಅಜ್ಜನದು, ಅಮ್ಮನದು, ಪಕ್ಕದಲ್ಲಿ ನಿಂತು ಕೂಗುತ್ತಿದ್ದ ಗೆಳೆಯನದು. ಎಲ್ಲರೂ ಜೀವನವಿಡೀ ಈ ತಂಡದ ಹಿಂದೆ ನಡೆದು, ಈ ದಿನವನ್ನು ನೋಡದೆ ತೀರಿಕೊಂಡವರು. ನಾನೂರಕ್ಕೂ ಹೆಚ್ಚು ಮುಖಗಳು. ‘ಕೊನೆಗೂ ಬಂದರು’ ಎಂಬುದು ಅದಕ್ಕೆ ಅವರು ಕೊಟ್ಟ ಹೆಸರು. ಪಂದ್ಯ 0-4ರಿಂದ ಹೋಯಿತು. ಮೊಮ್ಮಗ ಫೋನಿನಲ್ಲಿ ಆ ಚಿತ್ರ ತೋರಿಸಿದ. ಜೀವಂತ ಇರುವವರ ತಲೆಗಳ ಮೇಲೆ ತೀರಿಕೊಂಡವರ ಮುಖಗಳು ಹುಲ್ಲಿನ ಕಡೆಗೇ ನೋಡುತ್ತಿದ್ದವು. ನಾನು ಫೋನು ವಾಪಸ್ಸು ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದರು, ನಾವೂ ಮಕ್ಕಳಿಗೆ ಕಲಿಸಿದೆವು. ಗಾದೆ ಸುಳ್ಳಲ್ಲ. ಆದರೆ ಕೆಸರಾದ ಕೈಯವರಿಗೇ ಮೊಸರು ಸಿಗುತ್ತದೆಂದು ಅದರಲ್ಲಿ ಎಲ್ಲೂ ಹೇಳಿಲ್ಲ. ರಕ್ತ ಕೊಟ್ಟು ಸಲಿಕೆ ಹಿಡಿದವರೆಲ್ಲ ಆ ದಿನಕ್ಕೆ ಉಳಿದಿರಲಿಲ್ಲ. ಆದರೂ ಮಕ್ಕಳು ಅವರನ್ನು ಹೊತ್ತು ತಂದು ಅವರ ಜಾಗದಲ್ಲೇ ನಿಲ್ಲಿಸಿದರು. ಎಪ್ಪತ್ತು ದಾಟಿದ ನನಗೆ ಆ ಕ್ರೀಡಾಂಗಣದಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ ಎನ್ನಿಸಿತು.

ಯೂನಿಯನ್ ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಬುಂಡೆಸ್‌ಲಿಗಾದ ನಾಲ್ಕನೆಯ ಸ್ಥಾನಕ್ಕೇರಿ ಯುರೋಪಿನ ಚಾಂಪಿಯನ್ಸ್ ಲೀಗಿಗೆ ಆಯ್ಕೆಯಾಯಿತು. ರಿಯಲ್ ಮ್ಯಾಡ್ರಿಡ್‌ನಂಥ ತಂಡ ಬರ್ಲಿನ್ನಿಗೆ ಬಂತು. ಆ ಪಂದ್ಯಗಳನ್ನು ಮಾತ್ರ ಕಾಡಿನ ಅಂಚಿನ ಮನೆಯಲ್ಲಿ ಆಡಲಿಲ್ಲ. ಸದಸ್ಯರ ಸಂಖ್ಯೆ ಕ್ರೀಡಾಂಗಣದಲ್ಲಿ ಹಿಡಿಸುವವರ ಎರಡು ಪಟ್ಟನ್ನೂ ಮೀರಿತ್ತು, ಎಲ್ಲರಿಗೂ ನೋಡಲು ಸಿಗಲೆಂದು ಒಲಿಂಪಿಕ್ ಕ್ರೀಡಾಂಗಣದಲ್ಲಿ ಆಡಿದರು. ಈಗ ಹಳೇ ಮನೆಯನ್ನೇ ದೊಡ್ಡದು ಮಾಡುವ ಯೋಜನೆ ಹಾಕಿದ್ದಾರೆ. ಹಾಗೆ ಮಾಡಿದರೆ 2008ರಲ್ಲಿ ಅಭಿಮಾನಿಗಳು ಕೈಯಾರೆ ಕಟ್ಟಿದ ಮೆಟ್ಟಿಲುಗಳಲ್ಲಿ ಎಷ್ಟೋ ಭಾಗ ಉಳಿಯಲಿಕ್ಕಿಲ್ಲ.

ಇದು ಸರಿಯೇ ತಪ್ಪೇ ಎಂದು ನಾವಿಬ್ಬರೂ ರೈಲಿನಲ್ಲಿ ವಾದಿಸಿದೆವು. ನನ್ನ ವಾದ, ಅಷ್ಟು ಜನ ಬೆವರು ಸುರಿಸಿ ಕಟ್ಟಿದ್ದನ್ನು ಮುಟ್ಟಬಾರದು. ಅವನ ವಾದ, ಹೊರಗೆ ನಿಂತಿರುವ ಸದಸ್ಯರಿಗೆ ಒಳಗೆ ಜಾಗ ಬೇಡವೇ? ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದೆಂಬ ಗಾದೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಅವನು ಆಡಿದ್ದು ಅದನ್ನೇ. ಕೊನೆಗೆ ನಾನು ಒಂದು ಷರತ್ತಿನ ಮೇಲೆ ಒಪ್ಪಿಕೊಂಡೆ. ಹೆಲ್ಮೆಟ್ಟು ಅಲ್ಲೇ ಇರಬೇಕು, ಅದರ ಕೆಳಗೆ ಹೊಸ ಹೆಸರುಗಳಿಗೆ ಜಾಗವಿರಬೇಕು. “ನನಗೆ ಹದಿನೆಂಟಾದಾಗ ಕರೆದರೆ ಹೋಗ್ತೀನಿ” ಎಂದ ಅವನು. ಕಾಂಕ್ರೀಟು ಕಲಸಲು ಬರುತ್ತದಾ ಎಂದೆ. “ಅವರಿಗೂ ಮೊದಲು ಬರ್ತಿರಲಿಲ್ಲ” ಎಂದ.

ಮಕ್ಕಳೇ, ನಿಮಗೊಂದು ಮನೆಗೆಲಸ ಕೊಡುತ್ತೇನೆ, ಲೆಕ್ಕದ್ದಲ್ಲ. ನಿಮ್ಮ ಊರಿನ ಶಾಲೆ, ಕೆರೆಯ ಏರಿ, ದೇವಸ್ಥಾನದ ಕಟ್ಟೆ, ಆಟದ ಮೈದಾನ, ಇವುಗಳಲ್ಲಿ ಯಾವುದರ ಕೆಲಸಕ್ಕೆ ಕೈ ಹಾಕಿದ್ದಿರಿ ಎಂದು ಅಜ್ಜ-ಅಜ್ಜಿಯನ್ನು ಕೇಳಿ. ಹೇಳಿದ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಕೇಳಿದಾಗ ‘ಅದೆಲ್ಲ ಯಾಕೀಗ’ ಅನ್ನಬೇಡಿ. ನಿಮ್ಮ ಜೊತೆ ಕಲ್ಲು ಹೊತ್ತವರ ಹೆಸರು ನೀವು ಹೇಳದಿದ್ದರೆ ಇನ್ನಾರಿಗೂ ಗೊತ್ತಾಗುವುದಿಲ್ಲ.